ಡಬ್ಬಣ್ಣ, ಮೂಗಣ್ಣ ಮತ್ತು ಮೂರು ಟ್ರೇ ಮೊಟ್ಟೆ

ಆ ಮನೆಯಲ್ಲಿ ಮೂರು ತಿಂಗಳಿಂದ ಆಮ್ಲೆಟ್ ನಿಂತಿರಲಿಲ್ಲ. ಬೆಳಿಗ್ಗೆ ಬ್ರೆಡ್ಡಿನ ಜೊತೆ ಆಮ್ಲೆಟ್, ಮಧ್ಯಾಹ್ನ ಆಲೂಗೆಡ್ಡೆಯ ಜೊತೆ ಆಮ್ಲೆಟ್, ಸಂಜೆ ಯಾರಾದರೂ ತಪ್ಪಿ ಬಂದರೆ ಅವರ ತಟ್ಟೆಗೂ ಆಮ್ಲೆಟ್. ಮೊಟ್ಟೆ ಮಾರುವವರ ಮನೆಯಲ್ಲಿ ಒಳ್ಳೆಯ ಮೊಟ್ಟೆ ಒಡೆಯುವ ರೂಢಿಯಿಲ್ಲ. ಬಿರುಕು ಬಿಟ್ಟದ್ದೇ ಮನೆಯವರ ಪಾಲು. ಹಿಂದೆಲ್ಲ ಅಂಥವು ವಾರಕ್ಕೆ ನಾಲ್ಕೋ ಐದೋ ಸಿಕ್ಕಿದರೆ ಹೆಚ್ಚು. ಈಗ ಬೆಟ್ಟದಿಂದ ಜೀಪು ಇಳಿದು ಬಂದಾಗಲೆಲ್ಲ ಬುಟ್ಟಿಗಟ್ಟಲೆ ವಾಪಸು ಬರುತ್ತಿದ್ದವು.

ಅವರದು ತಿನ್ನುವ ಮೊಟ್ಟೆಯ ವ್ಯಾಪಾರವಲ್ಲ, ಮರಿ ಮಾಡುವ ಮೊಟ್ಟೆಯದು. ಮನೆಯ ಹಿಂದಿನ ಉದ್ದನೆಯ ಶೆಡ್ಡಿನಲ್ಲಿ ಕೋಳಿಗಳು, ಅವುಗಳ ನಡುವೆ ಹುಂಜಗಳು. ಬೆಟ್ಟದ ಮೇಲಿನ ಫಾರ್ಮುಗಳವರು ಇವರಿಂದ ಮೊಟ್ಟೆ ಕೊಂಡು, ತಮ್ಮ ಯಂತ್ರಗಳಲ್ಲಿ ಕಾವಿಗಿಟ್ಟು, ಮರಿ ಮಾಡಿಕೊಳ್ಳುತ್ತಿದ್ದರು. ಮನೆಯ ಯಜಮಾನರು ವಾರಕ್ಕೆರಡು ಸಲ ಹಳೆಯ ಜೀಪಿಗೆ ಟ್ರೇಗಳನ್ನು ಪೇರಿಸಿಕೊಂಡು ಆ ಕಲ್ಲುದಾರಿ ಹತ್ತಿ ಬರುತ್ತಿದ್ದರು. ಅವರ ಹೆಂಡತಿಯ ಕೆಲಸ ಅದಕ್ಕೂ ಮುಂಚಿನದು. ತೂತು ಕೊರೆದ ತಗಡಿನ ಡಬ್ಬಿಯೊಳಗೆ ಒಂದು ದೀಪ. ಆ ತೂತಿಗೆ ಒಂದೊಂದೇ ಮೊಟ್ಟೆ ಹಿಡಿದು, ಕೂದಲೆಳೆಯಷ್ಟು ಬಿರುಕಿದ್ದರೂ ಪತ್ತೆ ಹಚ್ಚಿ ಪಕ್ಕಕ್ಕಿಡುವುದು. ಬೀದಿಯವರೆಲ್ಲ ಅವಳನ್ನು ದೀಪದಮ್ಮ ಎಂದೇ ಕರೆಯುತ್ತಿದ್ದರು. ಅವಳ ಕಣ್ಣು ತಪ್ಪಿಸುವುದು ಕಷ್ಟ ಎಂಬ ಮಾತು ಗಂಡನಿಗೂ ಗೊತ್ತಿತ್ತು, ಮಗಳಿಗಂತೂ ಚೆನ್ನಾಗಿಯೇ ಗೊತ್ತಿತ್ತು.

ಮೊದಲ ದೂರು ಬಂದಾಗ ಫೋನು ಎತ್ತಿದ್ದು ಅವಳೇ. ಮೇಲಿನ ದೊಡ್ಡ ಫಾರ್ಮಿನ ಮುದುಕ. ಮಾತು ಕಡಿಮೆ, ಗಂಟಲು ದೊಡ್ಡದು.

"ನೋಡಮ್ಮಾ, ನಿಮ್ಮ ಮೊಟ್ಟೆ ಹೊರಗಿಂದ ಚೆಂದ ಇದೆ. ಒಳಗೆ ಏನೂ ಇಲ್ಲ. ಅರ್ಧಕ್ಕರ್ಧ ಮರಿ ಬರ್ತಿಲ್ಲ."

"ನಮ್ಮ ಕೋಳಿ ಚೆನ್ನಾಗೇ ಇದಾವಲ್ಲ ಅಪ್ಪಾ."

"ಕೋಳಿ ಕಟ್ಕೊಂಡು ನನಗೇನಾಗ್ಬೇಕು? ಮರಿ ಬೇಕು."

ಮನೆಯಲ್ಲಿ ಪಂಚಾಯಿತಿ ನಡೆಯಿತು. ಯಜಮಾನರು ಹುಂಜಗಳ ಮೇಲೆ ಗೂಬೆ ಕೂರಿಸಿದರು. ಅದರಲ್ಲೂ ಜಮೇದಾರ ಎಂದು ಹೆಸರಾದ ದೊಡ್ಡ ಕೆಂಪು ಹುಂಜಕ್ಕೆ ವಯಸ್ಸಾಯಿತು, ಅದರಿಂದ ಇನ್ನು ಪ್ರಯೋಜನವಿಲ್ಲ ಎಂದರು. ದೀಪದಮ್ಮನ ಅತ್ತೆ ಬೇಡ ಬೇಡ ಎಂದು ಬಡಿದುಕೊಂಡರೂ ಜಮೇದಾರನನ್ನು ಆ ಮೇಲಿನ ಫಾರ್ಮಿನ ಮುದುಕನಿಗೇ ಸಿಕ್ಕಿದ ಬೆಲೆಗೆ ಕೊಟ್ಟದ್ದಾಯಿತು. ಹೊಸ ಹುಂಜಗಳು ಬಂದವು. ಮರಿ ಮಾತ್ರ ಬರಲಿಲ್ಲ.

ಆಮೇಲೆ ತಪ್ಪು ಜೀಪಿನದಾಯಿತು. "ಅದರ ಸ್ಪ್ರಿಂಗ್ ಪಟ್ಟೆಗಳು ಸತ್ತಿವೆ," ಎಂದರು ಯಜಮಾನರು. "ಕಲ್ಲಿನ ಮೇಲೆ ಕುಲುಕಿ ಕುಲುಕಿ ಮೊಟ್ಟೆಯೊಳಗಿನದೆಲ್ಲ ಕಲಸಿ ಹೋಗ್ತಿದೆ. ಹೊಸ ಗಾಡಿ ತಗೊಳ್ಳದೆ ವಿಧಿಯಿಲ್ಲ."

ಮುದುಕ ಕೊನೆಯ ಮಾತು ಹೇಳಿಯಾಗಿತ್ತು. ಮಳೆಗಾಲ ಶುರುವಾಗುವುದರೊಳಗೆ ಸರಿಹೋಗದಿದ್ದರೆ ಬೆಟ್ಟದ ಫಾರ್ಮುಗಳೆಲ್ಲ ಒಟ್ಟಾಗಿ ಕೆಳಗಿನ ದೊಡ್ಡ ಕಂಪನಿಯವರಿಂದ ಮೊಟ್ಟೆ ತರಿಸುತ್ತಾರೆ. ಹಾಗಾದರೆ ಶೆಡ್ಡಿಗೆ ಬೀಗ ಜಡಿಯುವುದೊಂದೇ ದಾರಿ. ಆದರೂ ಹೊಸ ಗಾಡಿ ಎಂದೊಡನೆ ಮನೆಯಲ್ಲಿ ಒಂದು ಗೆಲುವು ಬಂದದ್ದೂ ಸುಳ್ಳಲ್ಲ.

ಪೇಟೆಯ ದೊಡ್ಡ ರಸ್ತೆಯಲ್ಲಿ ಎರಡು ಶೋರೂಮು ಎದುರುಬದುರು ನಿಂತಿದ್ದವು. ಈ ಕಡೆಯದರಲ್ಲಿ ಚೌಕನೆಯ ಗಾಡಿ. ಮೂಲೆಯೆಂದರೆ ಮೂಲೆ, ಗೋಡೆಯೆಂದರೆ ಗೋಡೆ, ಬೆನ್ನಿನ ಬಾಗಿಲಿಗೆ ಸ್ಟೆಪ್ನಿ ನೇತುಹಾಕಿಕೊಂಡು ಕಬೋರ್ಡಿನಂತೆ ನಿಂತಿತ್ತು. ಆ ಕಡೆಯದರಲ್ಲಿ ಉದ್ದ ಬಾನೆಟ್ಟಿನ ಗಾಡಿ. ಒಳಗೆ ಮೆತ್ತನೆಯ ಸೀಟು, ಟಿವಿಯಂಥ ಪರದೆ. ಎರಡೂ ನಾಲ್ಕು ಚಕ್ರಕ್ಕೂ ಬಲ ಕೊಡುವಂಥವೇ, ಎರಡೂ ಬಂಡೆ ಹತ್ತುವಂಥವೇ. ಮೊದಲ ದಿನವೇ ಮಗಳು ಅವಕ್ಕೆ ಡಬ್ಬಣ್ಣ, ಮೂಗಣ್ಣ ಎಂದು ಹೆಸರಿಟ್ಟಳು. ಕಂಪನಿ ಇಟ್ಟ ಹೆಸರು ಆಮೇಲೆ ಯಾರ ಬಾಯಲ್ಲೂ ಬರಲಿಲ್ಲ.

ಮನೆ ಎರಡು ಪಕ್ಷವಾಯಿತು. ಅತ್ತೆ ಡಬ್ಬಣ್ಣನ ಕಡೆ, ಮಗಳು ಮೂಗಣ್ಣನ ಕಡೆ.

"ಡಬ್ಬಣ್ಣ ನೋಡಿದ್ರೇ ಗೊತ್ತಾಗುತ್ತೆ, ಸುಳ್ಳು ಹೇಳೋ ಮುಖ ಅಲ್ಲ," ಎಂದರು ಅತ್ತೆ ಆಲೂಗೆಡ್ಡೆ ಸುಲಿಯುತ್ತ. "ನಿನ್ನ ಮೂಗಣ್ಣ ಬರೀ ಒನಪು."

"ಅಜ್ಜಿ, ಡಬ್ಬಣ್ಣನ ಹಿಂದಿನ ಸೀಟಲ್ಲಿ ಕೂತು ನೋಡು. ಒಂದು ಹಳ್ಳ ಹತ್ತಿಸಿದ್ರೆ ನಿನ್ನ ಹಲ್ಲು ಸೆಟ್ಟು ಮುಂದಿನ ಸೀಟಿಗೆ ಹೋಗುತ್ತೆ."

"ನಾನ್ಯಾಕೆ ಬೆಟ್ಟ ಹತ್ತಲಿ? ಹತ್ತೋದು ಮೊಟ್ಟೆ."

"ಮೊಟ್ಟೆಗೂ ಮೆತ್ತಗಿರೋದೇ ಬೇಕು."

ಮಗಳು ಊರೊಳಗೆ ಶಾಲಾ ಮಕ್ಕಳ ವ್ಯಾನು ಓಡಿಸುತ್ತಿದ್ದಳು. ಗಾಡಿಯ ಮಾತಿನಲ್ಲಿ ತನಗೂ ಒಂದು ಓಟಿದೆ ಎಂದು ಅವಳ ನಂಬಿಕೆ. ಯಜಮಾನರು ಅದನ್ನು ಒಪ್ಪುತ್ತಿರಲಿಲ್ಲ. "ಸಪಾಟು ರಸ್ತೆ ಬೇರೆ, ಬೆಟ್ಟ ಬೇರೆ," ಎಂಬುದು ಅವರ ತೀರ್ಪು. ಬೆಟ್ಟದ ದಾರಿಗೆ ಜೀಪನ್ನು ಅವಳ ಕೈಗೆ ಒಮ್ಮೆಯೂ ಕೊಟ್ಟಿರಲಿಲ್ಲ.

ಯಜಮಾನರ ಪಕ್ಷ ಯಾವುದೆಂದು ಮಾತ್ರ ತಿಳಿಯುತ್ತಿರಲಿಲ್ಲ. ಅವರು ಎರಡೂ ಕಡೆಯ ಬಣ್ಣದ ಪುಸ್ತಕಗಳನ್ನು ತಂದು ಊಟದ ಮೇಜಿನ ಮೇಲೆ ಹರಡಿದರು. ಟೇಪು ಹಿಡಿದು ಹೋಗಿ ಹಿಂಭಾಗ ಅಳೆದರು, ಎಷ್ಟು ಟ್ರೇ ಹಿಡಿಯುತ್ತದೆಂದು ನೋಡಿದರು, ಗಾಡಿಯ ಕೆಳಗೆ ಮಲಗಿ ಹೊಟ್ಟೆ ನೋಡಿದರು. ಶೋರೂಮಿನ ಹುಡುಗರು ಇವರನ್ನು ಕಂಡರೆ ಟೀ ತರಿಸುವಷ್ಟು ಬಳಕೆಯಾಯಿತು. ದೀಪದಮ್ಮನೂ ಒಂದು ದಿನ ಜೊತೆಗೆ ಹೋದಳು. ಅವಳಿಗೆ ಎಲ್ಲದರಲ್ಲೂ ಕುತೂಹಲ. ಈ ಗುಂಡಿ ಒತ್ತಿದರೆ ಏನಾಗುತ್ತೆ, ಈ ಸಣ್ಣ ಗೇರು ಯಾಕೆ, ನೀರಿನಲ್ಲಿ ಎಷ್ಟು ಮುಳುಗಿದರೆ ಗಾಡಿ ಸಾಯುತ್ತೆ ಎಂದೆಲ್ಲ ಕೇಳಿದಳು.

ಯಜಮಾನರು ಕೇಳಿದ್ದು ಒಂದೇ ಪ್ರಶ್ನೆ, ಎರಡು ಶೋರೂಮಿನಲ್ಲೂ ಅದನ್ನೇ.

"ಬ್ರೇಕು ಒತ್ತಿದ್ರೆ, ಎಷ್ಟು ಒತ್ತಿದೀನಿ ಅಂತ ಕಾಲಿಗೆ ಗೊತ್ತಾಗುತ್ತಾ?"

"ಸಾರ್, ಬ್ರೇಕು ತುಂಬಾ ಶಾರ್ಪು," ಎಂದ ಈ ಕಡೆಯವನು.

"ಅದಲ್ಲಪ್ಪ. ಕಾಲಿಗೆ ಗೊತ್ತಾಗುತ್ತಾ?"

ಹುಡುಗ ಪುಸ್ತಕ ತಿರುವಿ ನೋಡಿದ. ಆ ಪ್ರಶ್ನೆಗೆ ಉತ್ತರ ಅಲ್ಲಿ ಅಚ್ಚಾಗಿರಲಿಲ್ಲ. ಆ ಕಡೆಯವನು ಇನ್ನೂ ಚುರುಕು, "ನಮ್ಮದರಲ್ಲಿ ಗಾಡಿಯೇ ತಾನಾಗಿ ಬ್ರೇಕು ಹಾಕ್ಕೊಳ್ಳುತ್ತೆ ಸಾರ್, ನಿಮಗೆ ಗೊತ್ತಾಗೋ ಕೆಲಸವೇ ಇಲ್ಲ" ಎಂದು ಹಲ್ಲು ಬಿಟ್ಟ. ಯಜಮಾನರಿಗೆ ಅದು ಹಿಡಿಸಲಿಲ್ಲ. ಎರಡು ವಾರ ಹೀಗೇ ಮೀನ ಮೇಷ ಎಣಿಸುವುದರಲ್ಲಿ ಹೋಯಿತು.

ಊಟದ ಮೇಜಿನ ಮೇಲೆ ತಟ್ಟೆಗೆ ಜಾಗವಿಲ್ಲದಂತೆ ಪುಸ್ತಕ ಹರಡಿದ್ದ ಒಂದು ಸಂಜೆ ದೀಪದಮ್ಮನಿಗೆ ತಲೆ ಕೆಟ್ಟಿತು.

"ಪುಸ್ತಕ ಓದಿ ಓದಿ ಏನು ಗೊತ್ತಾಗುತ್ತೆ ರೀ? ಮೊಟ್ಟೆನೇ ಕೇಳೋಣ."

"ಮೊಟ್ಟೆನ?"

"ಎರಡು ಗಾಡೀನೂ ಓಡಿಸಿ ನೋಡೋಕೆ ಕೊಡ್ತಾರಲ್ಲ. ಒಂದೊಂದರಲ್ಲಿ ಒಂದೊಂದು ಟ್ರೇ ಇಟ್ಕೊಂಡು ಬೆಟ್ಟದ ನೀರಿನ ಟ್ಯಾಂಕಿನವರೆಗೆ ಹೋಗಿಬನ್ನಿ. ನಾನು ಕಾವಿಗಿಡ್ತೀನಿ. ಯಾವ ಗಾಡಿ ಮೊಟ್ಟೆ ಚೆನ್ನಾಗಿ ಮರಿ ಆಗುತ್ತೋ ಅದನ್ನ ತಗೊಳ್ಳೋಣ."

ಅತ್ತೆಗೆ ನಗು ತಡೆಯಲಾಗಲಿಲ್ಲ. "ಕೋಳಿ ಹತ್ರ ಗಾಡಿ ಆರಿಸೋ ಮನೆ ಇದೊಂದೇ ಇರ್ಬೇಕು!"

ನಕ್ಕರೂ ಎಲ್ಲರಿಗೂ ಅದೇ ಸರಿ ಎನಿಸಿತು. ಬೇರೆ ಯಾವ ಮನೆಯವರಿಗೂ ಇಂಥ ಯೋಚನೆ ಹೊಳೆಯುತ್ತಿರಲಿಲ್ಲ, ಹೊಳೆದರೂ ಮೂರು ವಾರ ಕಾಯುವ ತಾಳ್ಮೆ ಇರುತ್ತಿರಲಿಲ್ಲ. ಬೆಟ್ಟದವರು ಸ್ವಂತ ಯಂತ್ರ ಕೊಂಡ ಮೇಲೆ ಉಗ್ರಾಣದ ಮೂಲೆ ಸೇರಿದ್ದ ಹಳೆಯ ಕಾವಿನ ಪೆಟ್ಟಿಗೆಯನ್ನು ಮಗಳು ಎಳೆದು ತಂದು ಒರೆಸಿದಳು. ದೀಪದಮ್ಮ ಡಬ್ಬಣ್ಣನ ಮೊಟ್ಟೆಗಳ ಮೇಲೆ ಪೆನ್ಸಿಲಿನಲ್ಲಿ ಚೌಕ ಬರೆದಳು, ಮೂಗಣ್ಣನವುಗಳ ಮೇಲೆ ಓರೆ ಗೆರೆ. ಇನ್ನೊಂದು ಟ್ರೇಯನ್ನು ಏನೂ ಬರೆಯದೆ ಅಡುಗೆಮನೆಯ ಕಪಾಟಿನಲ್ಲೇ ಇಟ್ಟಳು.

"ಇದು ಯಾರಿಗೆ?" ಎಂದಳು ಮಗಳು.

"ಯಾರಿಗೂ ಅಲ್ಲ. ಇದು ಎಲ್ಲೂ ಹೋಗಲ್ಲ, ಮನೇಲೇ ಇರುತ್ತೆ. ನಾಳೆ ಪೆಟ್ಟಿಗೆ ಸರಿಯಿಲ್ಲ ಅಂತ ಅಪ್ಪ ವರಾತ ತೆಗೆದ್ರೆ ಬೇಕಾಗುತ್ತೆ."

ಒಂದು ದಿನ ಡಬ್ಬಣ್ಣ, ಮರುದಿನ ಮೂಗಣ್ಣ. ಸೀಟಿಗೆ ಏನಾದರೂ ಆದರೆ ಎಂದು ಗೋಳಾಡಿದ ಹುಡುಗರಿಗೆ ದೀಪದಮ್ಮ ಪ್ಲಾಸ್ಟಿಕ್ಕಿನ ಹಾಸು ಕೊಟ್ಟು ಬಾಯಿ ಮುಚ್ಚಿಸಿದಳು. ಎರಡು ದಿನವೂ ಯಜಮಾನರೇ ಓಡಿಸಿದರು. ಪಕ್ಕದಲ್ಲಿ ಶೋರೂಮಿನ ಹುಡುಗ, ಹಿಂದೆ ಮಗಳು. ಇಳಿದು ಬಂದಾಗ ಎರಡೂ ಕಡೆಯ ಹುಡುಗರ ಮುಖ ಬಿಳಿಚಿಕೊಂಡಿತ್ತು. ಎರಡನೆಯ ದಿನ ಮಗಳು ಟ್ರೇ ಹಿಡಿದು ನೇರ ಅಡುಗೆಮನೆಗೆ ಬಂದಳು.

"ಅಮ್ಮಾ, ಅಜ್ಜಿಗೆ ಹೇಳಬೇಡ. ಮೂಗಣ್ಣಾನೂ ಅಷ್ಟೇನೇ. ಕೊನೇ ತಿರುವಿನಲ್ಲಿ ಹಾಲಿನ ವ್ಯಾನು ಎದುರಿಗೆ ಬಂತು. ಅಪ್ಪ ಬ್ರೇಕು ಹಾಕಿದ್ದು ಎಷ್ಟು ತಡ ಅಂದ್ರೆ, ಹಾಕಿದಾಗ ನನ್ನ ಮೂಗು ಮುಂದಿನ ಸೀಟಿಗೆ ಬಡೀತು."

"ಹೊಸ ಗಾಡಿ ಅಲ್ವಾ, ಕಾಲಿಗೆ ಒಗ್ಗಿರಲ್ಲ."

"ಡಬ್ಬಣ್ಣನೂ ಹಂಗೇ ಮಾಡ್ತಲ್ಲ."

"ಅದೂ ಹೊಸದೇ," ಎಂದಳು ದೀಪದಮ್ಮ. ಮಗಳ ಮೂಗು ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು. ಕೆಂಪಗಾಗಿತ್ತು, ಅಷ್ಟೇ.

ಮೂರು ಟ್ರೇಗಳೂ ಪೆಟ್ಟಿಗೆ ಸೇರಿದವು. ಒಂದು ವಾರ ಕಾವು ಕೂತ ಮೊಟ್ಟೆಯನ್ನು ದೀಪಕ್ಕೆ ಹಿಡಿದರೆ ಒಳಗೆ ಕೆಂಪು ನರಗಳು ಜೇಡರ ಬಲೆಯ ಹಾಗೆ ಹರಡಿರುತ್ತವೆ, ನಡುವೆ ಒಂದು ಕಪ್ಪು ಚುಕ್ಕೆ ಮಿಸುಕುತ್ತದೆ. ಜೀವ ಇಲ್ಲದ್ದು ಖಾಲಿ ಬಲ್ಬಿನಂತೆ ಬೆಳಗುತ್ತದೆ. ಆ ಸಂಜೆ ಕಿಟಕಿಗೆ ಕಂಬಳಿ ಹಾಕಿ ಕತ್ತಲೆ ಮಾಡಿಕೊಂಡು ಮನೆಯವರೆಲ್ಲ ದೀಪದ ಸುತ್ತ ಕೂತರು. ದೀಪದಮ್ಮ ಒಂದೊಂದೇ ಮೊಟ್ಟೆ ಹಿಡಿದು ಒಂದೇ ಮಾತು ಹೇಳುವಳು: "ಇದೆ." ಇಲ್ಲವೇ, "ಇಲ್ಲ." ಇದೆ ಎಂದರೆ ಮಗಳು ಬಲಗಡೆಯ ಟ್ರೇಗೆ ಇಡುವಳು, ಇಲ್ಲ ಎಂದರೆ ಎಡಗಡೆಯ ಬುಟ್ಟಿಗೆ.

ಚೌಕದ ಮೊಟ್ಟೆಗಳು ಬಂದವು. "ಇದೆ. ಇಲ್ಲ. ಇಲ್ಲ. ಇದೆ. ಇಲ್ಲ." ಅತ್ತೆಯ ಮುಖ ಸಣ್ಣಗಾಯಿತು. ಓರೆ ಗೆರೆಯವು ಬಂದವು. "ಇಲ್ಲ. ಇದೆ. ಇಲ್ಲ." ಈಗ ಮಗಳ ಮುಖವೂ ಸಣ್ಣಗಾಯಿತು. ಕೊನೆಗೆ ಏನೂ ಬರೆಯದವು ಬಂದವು. "ಇದೆ. ಇದೆ. ಇದೆ. ಇದೆ." ಅವಳ ದನಿ ಅವಳಿಗೇ ವಿಚಿತ್ರವಾಗಿ ಕೇಳಿಸಿತು.

"ಕಂಡಿರಾ?" ಎಂದು ಯಜಮಾನರು ತೊಡೆ ತಟ್ಟಿದರು. "ಎರಡೂ ದಂಡ! ಬೇರೆ ಕಂಪನೀದು ಇನ್ನೊಂದಿದೆಯಂತೆ, ಅದರ ಪುಸ್ತಕ ತರ್ತೀನಿ."

"ಇನ್ನೊಂದಾ?" ಅತ್ತೆ ಕಂಬಳಿ ಎಳೆದು ಕಿಟಕಿ ತೆರೆದರು. "ಲೋ ಮಗಾ, ಕೊಳ್ಳೋ ಅಷ್ಟರಲ್ಲಿ ಈ ಗಾಡಿಗಳೇ ಹಳೇದಾಗಿರ್ತವೆ!"

"ಗಾಡಿ ಸರಿಯಿಲ್ದಿದ್ರೆ ನಾನೇನು ಮಾಡ್ಲಿ?"

"ಅಪ್ಪಾ, ರಸ್ತೆ ಅದೇ ತಾನೆ? ನೀನು ಎಷ್ಟು ವರ್ಷದಿಂದ ಇದೇ ಹಳೇ ಜೀಪಲ್ಲಿ ಇದೇ ರಸ್ತೇಲಿ ಹೋಗ್ತಿದೀಯ. ಆಗೆಲ್ಲ ಮರಿ ಬರ್ತಿತ್ತಲ್ಲ?"

"ವ್ಯಾನು ಓಡಿಸೋ ನೀನು ನನಗೆ ಬೆಟ್ಟದ ಪಾಠ ಹೇಳ್ಬೇಡ," ಎಂದು ಯಜಮಾನರು ಎದ್ದು ಹೋದರು.

ದೀಪದಮ್ಮ ದೀಪ ಆರಿಸದೆ ಕೂತಿದ್ದಳು. ಹುಂಜ ಬದಲಾಯಿಸಿದರೂ ಕೆಟ್ಟಿತು, ಜೀಪಿನಲ್ಲೂ ಕೆಟ್ಟಿತು, ಡಬ್ಬಣ್ಣನಲ್ಲೂ ಮೂಗಣ್ಣನಲ್ಲೂ ಕೆಟ್ಟಿತು. ಮನೆಯಲ್ಲಿದ್ದದ್ದು ಮಾತ್ರ ಕೆಡಲಿಲ್ಲ. ಕೆಟ್ಟದ್ದರಲ್ಲೆಲ್ಲ ಇದ್ದದ್ದು ಯಾವುದು ಎಂದು ಯೋಚಿಸುತ್ತ ಹೋದಂತೆ ಅವಳ ಕಣ್ಣು ತಾನಾಗಿ ಗಂಡ ಎದ್ದು ಹೋದ ಬಾಗಿಲ ಕಡೆ ತಿರುಗಿತು. ಆ ಯೋಚನೆ ಅವಳಿಗೆ ಇಷ್ಟವಾಗಲಿಲ್ಲ. ಆದರೆ ಬಿರುಕು ಕಂಡ ಮೇಲೆ ಕಾಣಲಿಲ್ಲ ಎಂದು ಮೊಟ್ಟೆಯನ್ನು ಒಳ್ಳೆಯ ಟ್ರೇಗೆ ಇಡುವ ಹೆಂಗಸೂ ಅವಳಲ್ಲ.

ಭಾನುವಾರ ಯಜಮಾನರು ಕ್ಷೌರಕ್ಕೆ ಹೋದರು. ಅಲ್ಲಿಗೆ ಹೋದರೆ ಇಸ್ಪೀಟು ಮುಗಿಯದೆ ಬರುವ ಪೈಕಿಯವರಲ್ಲ. ಅವರು ಬೀದಿ ತಿರುಗುವುದನ್ನೇ ಕಾದಿದ್ದ ದೀಪದಮ್ಮ ಜೀಪಿನ ಕೀಲಿಯನ್ನು ಮಗಳ ಕೈಗಿಟ್ಟಳು.

"ಮೇಲಿನವರ ಟ್ರೇಗಳನ್ನ ಹಾಕಿದೀನಿ. ಇನ್ನೊಂದು ಟ್ರೇ ಇದೆ, ಅದನ್ನ ಮೇಲಕ್ಕೆ ತಗೊಂಡ್ಹೋಗಿ ವಾಪಸ್ ತಗೊಂಬಾ."

"ಜೀಪಲ್ಲಾ? ಅಪ್ಪ ನನ್ನ ಕೊಂದೇ ಬಿಡ್ತಾನೆ."

"ಮೊದಲು ನನ್ನ ಕೊಲ್ಬೇಕಾಗುತ್ತೆ. ಅಷ್ಟರಲ್ಲಿ ನಿನಗೆ ಓಡೋಕೆ ಟೈಮು ಸಿಗುತ್ತೆ. ಹೊರಡು."

ಅತ್ತೆ ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಕಾವಲು ಕೂತರು. ಆದರೆ ಆ ದಿನ ಇಸ್ಪೀಟಿಗೆ ಜನ ಸೇರಿರಲಿಲ್ಲ. ಯಜಮಾನರು ಬೇಗನೆ ಬಂದು, ಜೀಪು ನಿಲ್ಲುವ ಜಾಗದಲ್ಲಿ ಎಣ್ಣೆಯ ಕಲೆ ಮಾತ್ರ ಕಂಡು ನಿಂತರು.

"ಜೀಪೆಲ್ಲಿ?"

"ತಿರುಗಾಡೋಕೆ ಹೋಗಿದೆ," ಎಂದರು ಅತ್ತೆ. ಸುಳ್ಳು ಹೇಳಿ ಅವರಿಗೆ ಅಭ್ಯಾಸವಿರಲಿಲ್ಲ.

ಆಮೇಲೆ ನಡೆದ ಜಗಳ ಬೀದಿಯ ಕೊನೆಯ ಮನೆಗೂ ಕೇಳಿಸಿತು. ಯಜಮಾನರ ಕೂಗಾಟ, ಅತ್ತೆಯ ಮರುಕೂಗಾಟ, ನಡುವೆ ಕೋಳಿಗಳದ್ದೂ. ದೀಪದಮ್ಮ ತನ್ನ ಪಾಡಿಗೆ ತಂತಿಯ ಮೇಲೆ ಬಟ್ಟೆ ಹರವುತ್ತಿದ್ದಳು. ಜೀಪು ಬಂದು ನಿಂತಾಗ ಮಗಳು ಇಳಿಯುವುದಕ್ಕೂ ಬಿಡದೆ ಯಜಮಾನರು ಹಿಂಬಾಗಿಲು ತೆರೆದು ಟ್ರೇ ಎಳೆದರು. ಬೈಯಲು ಬಾಯಿ ತೆರೆದಿದ್ದವರು ಹಾಗೇ ನಿಂತರು. ಒಂದೊಂದೇ ಮೊಟ್ಟೆ ಎತ್ತಿ ತಿರುಗಿಸಿ ನೋಡಿದರು. ಒಂದರಲ್ಲೂ ಬಿರುಕಿರಲಿಲ್ಲ. ಮಗಳನ್ನೊಮ್ಮೆ ನೋಡಿ, ಟ್ರೇಯನ್ನು ಮೆಲ್ಲಗೆ ಕೆಳಗಿಟ್ಟು ಒಳಗೆ ಹೋದರು.

"ಜಮೇದಾರನ್ನ ನೋಡಿದೆ ಅಜ್ಜಿ," ಎಂದಳು ಮಗಳು, ವಾತಾವರಣ ತಿಳಿಯಾಗಲೆಂದು. "ಮೇಲಿನ ಫಾರ್ಮಲ್ಲಿ ದರ್ಬಾರು ಮಾಡ್ಕೊಂಡಿದಾನೆ. ಅವನ ಮರಿಗಳು ಅಂಗಳದ ತುಂಬ."

ಸೋಮವಾರ ಬೆಳಿಗ್ಗೆ ತಟ್ಟೆಗೆ ಆಮ್ಲೆಟ್ ಬೀಳಲಿಲ್ಲ. ಯಜಮಾನರು ಒಣ ಬ್ರೆಡ್ಡನ್ನು ಟೀಯಲ್ಲಿ ಅದ್ದಿಕೊಂಡು ತಿಂದರು. ಟೀಗೆ ಇನ್ನೊಂದು ಚಮಚ ಸಕ್ಕರೆ ಕೇಳಿ ಹಾಕಿಸಿಕೊಂಡರು. ವಾರ ಕಳೆದು ದೀಪಕ್ಕೆ ಹಿಡಿದಾಗ ಜೀಪಿನಲ್ಲಿ ಹೋಗಿಬಂದ ಮೊಟ್ಟೆಗಳು ಹೆಚ್ಚುಕಡಿಮೆ ಎಲ್ಲವೂ "ಇದೆ" ಎನಿಸಿಕೊಂಡವು. ಆ ಸಂಜೆ ಯಜಮಾನರು ದೀಪದ ಬಳಿ ಬರಲಿಲ್ಲ. ಈ ನಡುವೆ ಬೆಟ್ಟಕ್ಕೆ ಹಟ ಹಿಡಿದು ತಾವೇ ಹೋಗಿದ್ದರು, ಬುಟ್ಟಿ ತುಂಬ ಬಿರುಕಿನ ಮೊಟ್ಟೆ ತಂದಿದ್ದರು. ಅವರು ಹೋಗುವಾಗಲೂ ಬರುವಾಗಲೂ ದೀಪದಮ್ಮ ಗೇಟಿನಲ್ಲಿ ನಿಂತು ಜೀಪಿನ ಸದ್ದಿಗೆ ಕಿವಿಗೊಟ್ಟಿದ್ದಳು. ಆ ಸದ್ದಿನಲ್ಲಿ ಏನು ಆಲಿಸಬೇಕೆಂದು ತಿಳಿಯುತ್ತಿರಲಿಲ್ಲ. ಗಂಡನ ಕಣ್ಣು ಮಂಜಾಗಿದೆಯೇ ಎಂದು ದೂರದ ಬೋರ್ಡು ಓದಿಸಿ ನೋಡಿದಳು, ಗಟಗಟನೆ ಓದಿದರು. ಕಿವಿಯೇ ಎಂದು ಹಿಂದಿನಿಂದ ಪಿಸುಗುಟ್ಟಿ ನೋಡಿದಳು, "ಏನೇ?" ಎಂದು ತಿರುಗಿದರು.

ಇನ್ನೊಂದು ವಾರ ಕಳೆಯುವಷ್ಟರಲ್ಲಿ ಯಜಮಾನರು ಊಟದ ಮೇಜಿನ ಮೇಲೆ ಕೈ ಬಡಿದು ಹೇಳಿಬಿಟ್ಟರು:

"ಡಬ್ಬಣ್ಣನೇ ಗಟ್ಟಿ. ನಾಳೆ ಬೆಳಿಗ್ಗೆ ಹೋಗಿ ಸಹಿ ಹಾಕ್ತೀನಿ. ಇನ್ನು ಯಾರೂ ನನ್ನ ತಲೆ ತಿನ್ಬೇಡಿ."

"ಡಬ್ಬಣ್ಣನ ಟ್ರೇ ಅರ್ಧ ಸತ್ತಿತ್ತಲ್ಲ ಅಪ್ಪಾ?"

"ಕೈ ಪಳಗಿದ ಮೇಲೆ ಸರಿಹೋಗುತ್ತೆ."

ಗೆದ್ದ ಅತ್ತೆ ಕೂಡ ನಗಲಿಲ್ಲ. ಮನೆಯಲ್ಲಿ ಕೂಡಿಟ್ಟದ್ದೆಲ್ಲ ಆ ಸಹಿಯ ಜೊತೆ ಹೋಗುವುದು ಎಲ್ಲರಿಗೂ ತಿಳಿದಿತ್ತು.

ಊಟವಾದ ಮೇಲೆ ಯಜಮಾನರು ಹಿತ್ತಿಲಲ್ಲಿ ಕುರ್ಚಿ ಹಾಕಿಕೊಂಡು, ಚಪ್ಪಲಿ ಕಳಚಿ, ಡಬ್ಬಣ್ಣನ ಪುಸ್ತಕ ಬಿಡಿಸಿ ಕೂತರು. ಪೆಟ್ಟಿಗೆಯಲ್ಲಿ ಮೊದಲು ಇಟ್ಟಿದ್ದ ಮೊಟ್ಟೆಗಳು ಒಡೆದು ಮರಿಗಳು ಹೊರಬಂದು ಕೆಲವು ದಿನಗಳಾಗಿದ್ದವು. ಚೌಕದವೂ ಓರೆ ಗೆರೆಯವೂ ಏನೂ ಬರೆಯದವೂ ಈಗ ಒಂದೇ ಹಳದಿ ಹಿಂಡಾಗಿ ಬಿಸಿಲಿನಲ್ಲಿ ಓಡಾಡುತ್ತಿದ್ದವು. ದೀಪದಮ್ಮ ನಲ್ಲಿಯ ಬಳಿ ಪಾತ್ರೆ ಉಜ್ಜುತ್ತಿದ್ದಳು.

ಒಂದು ಮರಿ ಯಜಮಾನರ ಬಲಗಾಲಿನ ಬಳಿ ಬಂದು ನಿಂತಿತು. ಹೆಬ್ಬೆರಳಿನ ತುದಿಯಲ್ಲಿ ಎಲ್ಲೋ ಎಡವಿದ ಗಾಯ ಒಣಗಿ ಹೆಕ್ಕಳೆ ಕಟ್ಟಿತ್ತು. ಕಾಳೆಂದು ತಿಳಿಯಿತೋ ಏನೋ, ಮರಿ ಅದನ್ನು ಕುಕ್ಕಿತು. ಮತ್ತೆ ಕುಕ್ಕಿತು. ಇನ್ನೊಂದು ಮರಿ ಬಂದು ಸೇರಿಕೊಂಡಿತು. ಹೆಕ್ಕಳೆ ಎದ್ದು ಬಂತು, ಕೆಳಗಿನಿಂದ ರಕ್ತ ಒಂದು ಮಣಿಯಷ್ಟು ಉಬ್ಬಿ ಬೆರಳಿನಗುಂಟ ಇಳಿಯಿತು.

ಯಜಮಾನರು ಪುಟ ತಿರುಗಿಸಿದರು.

ದೀಪದಮ್ಮನ ಕೈಯಿಂದ ಪಾತ್ರೆ ಜಾರಿತು. ಆ ಸದ್ದಿಗೆ ಅವರು ತಲೆಯೆತ್ತಿ ಅವಳನ್ನು ನೋಡಿದರು, ಅವಳ ದೃಷ್ಟಿ ಹಿಡಿದು ತಮ್ಮ ಕಾಲನ್ನು ನೋಡಿದರು. ಆಗ ಮಾತ್ರ ಕಾಲನ್ನು ಹಿಂದಕ್ಕೆಳೆದುಕೊಂಡರು. ಎಳೆದುಕೊಂಡದ್ದು ನೋವಿಗಲ್ಲ, ಅವಳು ನೋಡಿದಳೆಂಬ ಗಾಬರಿಗೆ.

"ಎಷ್ಟು ದಿನದಿಂದ?" ಎಂದಳು ಅವಳು, ಒದ್ದೆ ಕೈಯಲ್ಲೇ ಮುಂದೆ ಬಂದು ಕೂತು.

"ಏನು ಎಷ್ಟು ದಿನದಿಂದ? ಓದೋದ್ರಲ್ಲಿ ಮುಳುಗಿದ್ದೆ..."

"ರೀ. ನನ್ನ ಕಿವಿ ಮೇಲೆ ಹೂ ಇಡ್ಬೇಡಿ."

ಯಜಮಾನರು ಪುಸ್ತಕ ಮಡಿಚಿದರು.

"ಮೊದಮೊದಲು ಕಾಲಿಗೆ ದಪ್ಪ ಕಾಲುಚೀಲ ಹಾಕ್ಕೊಂಡ ಹಾಗಿತ್ತು. ಈಗ ಕಾಲುಚೀಲಾನೂ ಇಲ್ಲ, ಕಾಲೂ ಇಲ್ಲ. ಬ್ರೇಕಿನ ಮೇಲೆ ಇಟ್ಟಿದೀನಾ ಇಲ್ವಾ ಅಂತ ಬಗ್ಗಿ ನೋಡಿದ್ರೇನೇ ಗೊತ್ತಾಗೋದು. ತಡ ಆಯ್ತು ಅಂತ ಜೋರಾಗಿ ಒತ್ತಿಬಿಡ್ತೀನಿ. ಜೀಪಿನ ಪೆಡಲು ಹಳೇದಾಯ್ತೇನೋ, ಹೊಸ ಗಾಡೀಲಿ ಗೊತ್ತಾಗಬಹುದೇನೋ ಅಂದ್ಕೊಂಡೆ."

ಎರಡೂ ಶೋರೂಮಿನಲ್ಲಿ ಅವರು ಕೇಳಿದ ಪ್ರಶ್ನೆ ದೀಪದಮ್ಮನಿಗೆ ಈಗ ನೆನಪಾಯಿತು. ಟೇಪು ಹಿಡಿದು ಅಳೆದದ್ದು, ಹೊಟ್ಟೆಯಡಿ ಮಲಗಿದ್ದು, ಪುಸ್ತಕ ಪುಸ್ತಕ ತಂದು ಸುರಿದದ್ದು, ಎಲ್ಲವೂ ಆ ಒಂದು ಪ್ರಶ್ನೆಯನ್ನು ಮುಚ್ಚಿಡಲು. ಪಾಪ ಎನಿಸಿತು.

"ಎರಡು ಗಾಡೀಲಿ ಯಾವುದರಲ್ಲಿ ಕಾಲಿಗೆ ಗೊತ್ತಾಯ್ತು?" ಎಂದು ಮೆತ್ತಗೆ ಕೇಳಿದಳು.

"ಎರಡರಲ್ಲೂ ಇಲ್ಲ ಕಣೇ."

ಮರುಗಳಿಗೆಯಲ್ಲಿ ಅವಳಿಗೆ ಮಗಳ ಕೆಂಪು ಮೂಗು ಕಣ್ಣಿಗೆ ಕಟ್ಟಿತು, ಮೈಯೆಲ್ಲ ಉರಿದುಹೋಯಿತು. "ಗೊತ್ತಿದ್ದೂ ಮಗಳನ್ನ ಹಿಂದೆ ಕೂರಿಸ್ಕೊಂಡು ಆ ತಿರುವಿನಲ್ಲಿ ಹೋದ್ರಲ್ಲ! ಹಾಲಿನ ವ್ಯಾನಿನವನಿಗೂ ಮನೇಲಿ ಹೆಂಡ್ತಿ ಇರ್ತಾಳೆ! ಇನ್ನೊಂದು ಸಲ ಆ ಕೀಲಿ ಮುಟ್ಟಿ ನೋಡಿ, ಜೀಪಿಗೆ ನಾನೇ ಬೆಂಕಿ ಇಡ್ತೀನಿ!"

ಕೂಗಿಗೆ ಅತ್ತೆಯೂ ಮಗಳೂ ಓಡಿ ಬಂದರು. ಯಜಮಾನರು ತಲೆ ತಗ್ಗಿಸಿ ಕೂತಿದ್ದರು. ವಿಷಯ ತಿಳಿದ ಅತ್ತೆ ಮೊದಲು ಮಗನ ಕಾಲನ್ನು ಮಡಿಲಿಗೆಳೆದುಕೊಂಡು ಸೆರಗಿನಿಂದ ರಕ್ತ ಒರೆಸಿದರು. ಆಮೇಲೆ ತಲೆಗೊಂದು ಮೊಟಕಿದರು.

"ಇದು ಜಮೇದಾರನಿಗೆ," ಎಂದರು. "ಪಾಪದ ಪ್ರಾಣಿ, ನಿನ್ನ ಕಾಲಿನ ತಪ್ಪಿಗೆ ಮನೆ ಬಿಟ್ಟು ಹೋಯ್ತಲ್ಲೋ."

"ಅವನನ್ನ ಮಾರುವಾಗ ನನಗೆ ಅವನ ಮುಖ ನೋಡೋಕಾಗ್ಲಿಲ್ಲ ಅಮ್ಮಾ," ಎಂದರು ಯಜಮಾನರು. ಅವರ ಕಣ್ಣು ತುಂಬಿದ್ದನ್ನು ಮಗಳು ಅಂದೇ ಮೊದಲು ನೋಡಿದ್ದು.

ಮರುದಿನ ಬೆಳಿಗ್ಗೆ ಅವರು ಹೋದದ್ದು ಶೋರೂಮಿಗಲ್ಲ, ಡಾಕ್ಟರ ಬಳಿಗೆ. ಡಾಕ್ಟರು ಕಣ್ಣು ಮುಚ್ಚಲು ಹೇಳಿ ಕಾಲಿಗೆ ಪಿನ್ನು ಚುಚ್ಚಿ ಚುಚ್ಚಿ ಕೇಳಿದರು, ರಕ್ತ ಪರೀಕ್ಷೆ ಮಾಡಿಸಿದರು. ಸಕ್ಕರೆ ಕಾಯಿಲೆ ಬಂದು ಎಷ್ಟು ವರ್ಷವಾಯಿತೋ, ಯಾರೂ ನೋಡಿಸಿರಲಿಲ್ಲ. ಹೋದ ಸ್ಪರ್ಶ ಮರಳಿ ಬರುವುದು ಅನುಮಾನ, ಉಳಿದದ್ದನ್ನು ಕಾಪಾಡಿಕೊಳ್ಳಬಹುದು ಎಂದರು. ಗಾಡಿ ಓಡಿಸುವ ಮಾತೇ ಬೇಡ. ದಿನಾ ಪಾದ ನೋಡಬೇಕು, ಗಾಯವಾದರೆ ಕಾಲಿಗೆ ಗೊತ್ತಾಗುವುದಿಲ್ಲ, ಕಣ್ಣಿಗೇ ಗೊತ್ತಾಗಬೇಕು ಎಂದರು.

ಆ ವಾರ ಜೀಪು ಓಡಿಸಿದ್ದು ಮಗಳು. ವ್ಯಾನಿನ ಕೆಲಸ ಬೆಳಿಗ್ಗೆ ಸಂಜೆಯದು, ನಡುವಿನ ಹೊತ್ತು ಬೆಟ್ಟಕ್ಕೆ. ಯಜಮಾನರು ಪಕ್ಕದ ಸೀಟಿನಲ್ಲಿ ಒಂದು ಟ್ರೇಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು, ದಾರಿಯುದ್ದಕ್ಕೂ "ಮೆಲ್ಲಗೆ, ಮೆಲ್ಲಗೆ" ಎಂದು ಅವಳ ಪ್ರಾಣ ತಿಂದರು. ಇಲ್ಲದ ಬ್ರೇಕನ್ನು ತಿರುವು ತಿರುವಿಗೂ ಒತ್ತಿದರು. ಮೇಲಿನ ಫಾರ್ಮಿನ ಮುದುಕನ ಬಳಿ ಜಮೇದಾರನನ್ನು ವಾಪಸು ಕೇಳಿದರು.

"ಆಗಲ್ಲ. ನನ್ನ ಅಂಗಳಕ್ಕೆ ಕಳೆ ಬಂದಿರೋದೇ ಅವನಿಂದ," ಎಂದ ಮುದುಕ. "ನೀವು ಮಳೆಗಾಲಕ್ಕೆ ಮುಂಚೆ ಮೊಟ್ಟೆ ಸರಿ ಮಾಡಿ. ಅವನನ್ನ ನೋಡ್ಬೇಕಾದ್ರೆ ಬಂದು ನೋಡ್ಕೊಂಡು ಹೋಗಿ."

ವಾಪಸು ಬಂದಾಗ ಬುಟ್ಟಿ ಖಾಲಿಯಿತ್ತು. ಬೆಟ್ಟದವರು ಒಂದು ಮೊಟ್ಟೆಯನ್ನೂ ಹಿಂದಕ್ಕೆ ಕೊಟ್ಟಿರಲಿಲ್ಲ. ಸಂಜೆ ಅತ್ತೆ ಬಾಣಲೆ ಇಟ್ಟು, "ಈಗ ತಿನ್ನೋಕೇನು?" ಎಂದು ಕೈಚೆಲ್ಲಿದರು. ದೀಪದಮ್ಮ ಟ್ರೇಯಿಂದ ಒಂದು ಒಳ್ಳೆಯ ಮೊಟ್ಟೆ ಎತ್ತಿ, ಕ್ಷಣ ಹೊತ್ತು ಕೈಯಲ್ಲಿ ಹಿಡಿದು, ಬಾಣಲೆಯ ಅಂಚಿಗೆ ಬಡಿದು ಒಡೆದಳು. ಆ ಮನೆಯಲ್ಲಿ ಅಂಥದ್ದು ನಡೆದ ನೆನಪು ಯಾರಿಗೂ ಇರಲಿಲ್ಲ. ಸಕ್ಕರೆ ಇಲ್ಲದ ಟೀಗೆ ಮುಖ ಸಿಂಡರಿಸುತ್ತ ಕೂತಿದ್ದ ಯಜಮಾನರ ಮುಂದೆ ತಟ್ಟೆ ಇಟ್ಟಳು.

"ಮುಂದಿನ ವರ್ಷ ತಗೊಂಡ್ರೆ ಮೂಗಣ್ಣನೇ," ಎಂದಳು ಮಗಳು. "ಓಡಿಸೋಳು ನಾನು."

"ಡಬ್ಬಣ್ಣ," ಎಂದರು ಅತ್ತೆ.

"ಬೇರೆ ಕಂಪನೀದು ಇನ್ನೊಂದಿದೆ..." ಎಂದು ಯಜಮಾನರು ಶುರು ಮಾಡಿದರು. ಮೂವರೂ ಅವರನ್ನು ನೋಡಿದರು. ಅವರು ಬಾಯಿಗೆ ಆಮ್ಲೆಟ್ ತುಂಬಿಕೊಂಡರು.

ಊಟದ ತಟ್ಟೆಗಳನ್ನು ಎತ್ತಿದ ಮೇಲೆ ದೀಪದಮ್ಮ ಕಿಟಕಿಗೆ ಕಂಬಳಿ ಹಾಕಿ, ಮೊಟ್ಟೆಯ ದೀಪ ಹಚ್ಚಿದಳು. ಮಗಳು ರೂಢಿಯಂತೆ ಪಕ್ಕದಲ್ಲಿ ಬಂದು ಕೂತಳು. ಯಜಮಾನರು ಸ್ಟೂಲಿನ ಮೇಲೆ ಕೂತು, ನಾಚಿಕೆಯಿಂದ ಬಲಗಾಲನ್ನು ಮುಂದೆ ಚಾಚಿದರು. ಅವಳು ಆ ಪಾದವನ್ನು ಎರಡೂ ಕೈಯಲ್ಲಿ ಎತ್ತಿ ಬೆಳಕಿಗೆ ಹಿಡಿದಳು. ಹಿಮ್ಮಡಿ ನೋಡಿದಳು, ಬೆರಳುಗಳ ಸಂದು ಬಿಡಿಸಿ ನೋಡಿದಳು, ಮರಿ ಕುಕ್ಕಿದ ಜಾಗದಲ್ಲಿ ಹೊಸ ಚರ್ಮ ಬರುತ್ತಿರುವುದನ್ನು ನೋಡಿದಳು. ಅಂಗಾಲಿನ ಮೇಲೆ ಹೆಬ್ಬೆರಳಿಟ್ಟು ಒತ್ತಿದಳು.

"ಒತ್ತಿದ್ಯಾ?" ಎಂದರು ಯಜಮಾನರು.

"ಒತ್ತಿದೆ."

"ಗೊತ್ತಾಗ್ಲಿಲ್ಲ."

ಅವಳು ಕೈ ತೆಗೆಯಲಿಲ್ಲ. ಪಾದ ಬೆಚ್ಚಗಿತ್ತು. ದೀಪದ ಮುಂದೆ ಬೆರಳ ತುದಿಗಳು ಕೆಂಪಗೆ ಬೆಳಗುತ್ತಿದ್ದವು.

"ಇದೆ," ಎಂದಳು ದೀಪದಮ್ಮ.

"ಹಾಗಾದ್ರೆ ಬಲಗಡೆ ಟ್ರೇಗೆ ಇಡು," ಎಂದಳು ಮಗಳು.